ಪೀಠದ ಬಳಿ ನೆನೆಯಿರೆಂದ ತಾಯಿ: ಸಂತ ಮೋನಿಕಮ್ಮನವರು

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ದೇವಾಲಯದ ಅಸ್ತಿಭಾರವನ್ನು ಆಶೀರ್ವದಿಸಿದ ಧರ್ಮಾಧ್ಯಕ್ಷರ ಭಾವಚಿತ್ರವಿರುತ್ತದೆ. ಒಬ್ಬರಾದ ಮೇಲೊಬ್ಬರಂತೆ ಬಂದು ಸೇವೆ ಸಲ್ಲಿಸಿದ ವಿಚಾರಣಾಗುರುಗಳ ಪಟ್ಟಿಯಿರುತ್ತದೆ. ಗಂಟೆಗೋಪುರಕ್ಕೆ, ಪೀಠಕ್ಕೆ, ಬೆಂಚುಗಳಿಗೆ ದಾನವಿತ್ತವರ ಹೆಸರುಗಳಿರುತ್ತವೆ. ಇರಬೇಕಾದುದು ನ್ಯಾಯವೇ. ಆದರೆ ಈ ನೂರು ವರ್ಷಗಳಲ್ಲಿ ಎಳೆಯ ಮಕ್ಕಳ ಕೈಹಿಡಿದು ಶಿಲುಬೆಯ ಗುರುತನ್ನು ಕಲಿಸಿದವರು, ದೀಪ ಹೊತ್ತಿಸುವ ಹೊತ್ತಿಗೆ ಮನೆಮಂದಿಯನ್ನೆಲ್ಲ ಜಪಸರಕ್ಕೆ ಕೂಡಿಸಿದವರು, ದೇವಾಲಯದ ಹಾದಿಯನ್ನೇ ಮರೆತ ಮಗನಿಗಾಗಿ ಹಿಂದಿನ ಬೆಂಚಿನಲ್ಲಿ ಕುಳಿತು ಕಣ್ಣೀರಿಟ್ಟವರು, ಆ ತಾಯಂದಿರ, ಆ ಅಜ್ಜಿಯರ ಹೆಸರುಗಳು ಎಲ್ಲಿ ದೊರೆಯುತ್ತವೆ? ಜ್ಞಾನಸ್ನಾನದ ದಫ್ತರದ ಒಂದು ಅಂಕಣದಲ್ಲಿ, ಮದುವೆಯ ದಫ್ತರದ ಒಂದು ಸಾಲಿನಲ್ಲಿ, ಕೊನೆಗೆ ಮರಣದ ದಫ್ತರದಲ್ಲಿ. ಅದರಾಚೆಗೆ ಬರೆದಿಟ್ಟವರಿಲ್ಲ.

ಪ್ರಾಚೀನ ಧರ್ಮಸಭೆಯ ಚರಿತ್ರೆಯನ್ನು ತೆರೆದು ನೋಡಿದರೂ ಇದೇ ಮಾತು. ಧರ್ಮಪಿತೃಗಳ ಗ್ರಂಥಗಳು ಸಂಪುಟಗಟ್ಟಲೆ ಉಳಿದಿವೆ. ಅವರನ್ನು ಹೆತ್ತವರ ವಿಷಯ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಈ ಮೌನದ ನಡುವೆ ಒಬ್ಬ ತಾಯಿಯ ಬದುಕು ಮಾತ್ರ ವಿವರವಾಗಿ ನಮಗೆ ಬಂದು ತಲುಪಿದೆ. ಆಕೆ ರಕ್ತಸಾಕ್ಷಿಯಲ್ಲ, ಮಠವನ್ನು ಸ್ಥಾಪಿಸಿದವರಲ್ಲ, ಗ್ರಂಥ ರಚಿಸಿದವರೂ ಅಲ್ಲ. ಒಂದು ಚಿಕ್ಕ ಪಟ್ಟಣದ ಗೃಹಿಣಿ, ಸೊಸೆ, ವಿಧವೆ, ತಾಯಿ, ಅಜ್ಜಿ. ಅವರೇ ಸಂತ ಮೋನಿಕಮ್ಮನವರು. ಅವರನ್ನು ತಾಯಿಯೆಂದು ನಾವೆಲ್ಲ ಬಲ್ಲೆವು. ಅಜ್ಜಿಯೆಂದು ನೆನೆಯುವುದು ಅಪರೂಪ. ಈ ಲೇಖನದಲ್ಲಿ ಎರಡನ್ನೂ ನೆನೆಯಬೇಕೆಂಬುದು ನಮ್ಮ ಆಶಯ.

ಮೋನಿಕಮ್ಮನವರ ವಿಷಯ ನಮಗೆ ತಿಳಿದಿರುವುದೆಲ್ಲ ಹೆಚ್ಚುಕಡಮೆ ಅವರ ಮಗ ಸಂತ ಅಗುಸ್ತೀನರ ಬರಹಗಳಿಂದ. ತಾಯಿ ತೀರಿಕೊಂಡು ಸುಮಾರು ಹತ್ತು ವರ್ಷಗಳಾದ ಮೇಲೆ, ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದಾಗ, ಅಗುಸ್ತೀನರು 'ನಿವೇದನೆಗಳು' ಎಂಬ ಹದಿಮೂರು ಭಾಗಗಳ ಗ್ರಂಥವನ್ನು ದೇವರನ್ನು ಉದ್ದೇಶಿಸಿ ಬರೆದರು. ಅದರ ಒಂಬತ್ತನೆಯ ಭಾಗದಲ್ಲಿ ತಾಯಿಯ ಜೀವನವನ್ನು ಒಂದೆಡೆ ಹೇಳುತ್ತಾರೆ. ಮಗನು ತಾಯಿಯ ವಿಷಯ ಬರೆದದ್ದು. ಆದ್ದರಿಂದ ಪ್ರೀತಿ ಉಂಟು. ಆದರೆ ಹೊಗಳಿಕೆ ಮಾತ್ರವೇ ಅಲ್ಲ. ತಾಯಿಯ ಕುಂದುಗಳನ್ನೂ ಮಗ ಬರೆದಿಟ್ಟಿದ್ದಾನೆ. ಆ ಕಾರಣದಿಂದಲೇ ಆ ಬರಹ ನಂಬಿಕೆಗೆ ಅರ್ಹವಾಗಿದೆ.

ಮೋನಿಕಮ್ಮನವರು ಹುಟ್ಟಿದ್ದು ಕ್ರಿ.ಶ. 331 ಅಥವಾ 332ರ ಸುಮಾರಿಗೆ, ಉತ್ತರ ಆಫ್ರಿಕದಲ್ಲಿ. ಅವರು ಬಾಳಿದ ತಗಾಸ್ತೆ ಎಂಬ ಊರು ಇಂದಿನ ಅಲ್ಜೀರಿಯಾ ದೇಶದಲ್ಲಿದೆ. ಈಗ ಅದಕ್ಕೆ ಸೂಕ್ ಅಹ್ರಾಸ್ ಎಂದು ಹೆಸರು. ಆಗ ಅದು ರೋಮನ್ ಚಕ್ರಾಧಿಪತ್ಯದ ಭಾಗ. ಲತೀನ್ ಭಾಷೆಯೂ ರೋಮನ್ ಕಾನೂನೂ ಅಲ್ಲಿ ನಡೆಯುತ್ತಿದ್ದವು. ಆದರೆ ಮೋನಿಕಾ ಎಂಬ ಹೆಸರು ಲತೀನ್ ಮೂಲದ್ದಲ್ಲ, ಆ ನಾಡಿನ ಬೆರ್ಬೆರ್ ಜನರ ನುಡಿಗೆ ಸೇರಿದ್ದು ಎಂಬುದು ವಿದ್ವಾಂಸರ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಈ ಹೆಸರು ಯೂರೋಪಿನಿಂದ ಬಂತೆಂದು ಭಾವಿಸುವವರು ಉಂಟು. ಅದು ಬಂದದ್ದು ಆಫ್ರಿಕದ ನೆಲದಿಂದ.

ಅವರ ತವರು ಕ್ರೈಸ್ತ ಮನೆತನ. ಅಲ್ಲಿ ಮಕ್ಕಳನ್ನು ತಿದ್ದುವ ಕೆಲಸ ಒಬ್ಬ ಮುದುಕಿಯದಾಗಿತ್ತು. ಆ ಮನೆಯ ಯಜಮಾನನನ್ನೇ ಅವನ ಎಳವೆಯಲ್ಲಿ ಬೆನ್ನ ಮೇಲೆ ಹೊತ್ತು ತಿರುಗಿದ ಆಳು ಆಕೆ. ವಯಸ್ಸಿಗೂ ನಡತೆಗೂ ಮನೆಯವರೆಲ್ಲ ಆಕೆಗೆ ಗೌರವ ಕೊಡುತ್ತಿದ್ದರು. ಊಟದ ಹೊತ್ತಿನಲ್ಲಲ್ಲದೆ ಬೇರೆ ವೇಳೆಯಲ್ಲಿ ಬಾಯಾರಿದರೂ ಹೆಣ್ಣುಮಕ್ಕಳಿಗೆ ಆಕೆ ನೀರನ್ನು ಕುಡಿಯಗೊಡುತ್ತಿರಲಿಲ್ಲ. ಇಂದು ನೀರು, ನಾಳೆ ಉಗ್ರಾಣದ ಬೀಗದ ಕೈ ಕೈಗೆ ಬಂದಾಗ ದ್ರಾಕ್ಷಾರಸ ಎಂಬುದು ಆಕೆಯ ತರ್ಕ. ಇಷ್ಟು ಕಟ್ಟುನಿಟ್ಟಿನಲ್ಲಿ ಬೆಳೆದರೂ ಮೋನಿಕಾ ಎಂಬ ಹುಡುಗಿ ಪೀಪಾಯಿಯಿಂದ ದ್ರಾಕ್ಷಾರಸವನ್ನು ತುಂಬಿ ತರಲು ಹೋದಾಗ ತುಟಿಗೆ ತಾಕಿಸುವಷ್ಟು ಕುಡಿಯತೊಡಗಿದಳು. ದಿನದಿನಕ್ಕೆ ಹನಿ ಹನಿ ಹೆಚ್ಚಿ, ಕಡೆಗೆ ಬಟ್ಟಲು ತುಂಬ ಕುಡಿಯುವ ಅಭ್ಯಾಸವಾಯಿತು. ಒಂದು ದಿನ ಜಗಳದಲ್ಲಿ ಜೊತೆಯ ದಾಸಿ ಹುಡುಗಿ ಇವಳನ್ನು ಕುಡುಕಿಯೆಂದು ಹಂಗಿಸಿದಳು. ಆ ಒಂದು ಮಾತು ಮುಳ್ಳಿನಂತೆ ನೆಟ್ಟಿತು. ಅಂದೇ ಅಭ್ಯಾಸವನ್ನು ಬಿಟ್ಟಳು. ಸಂತರ ಚರಿತ್ರೆಗಳಲ್ಲಿ ತೊಟ್ಟಿಲಲ್ಲೇ ಉಪವಾಸ ಮಾಡಿದ ಮಕ್ಕಳ ಕಥೆಗಳನ್ನು ಓದಿ ಬೇಸತ್ತವರಿಗೆ ಈ ಪ್ರಸಂಗ ಹಿಡಿಸದೆ ಇರದು.

ಪ್ರಾಯಕ್ಕೆ ಬಂದ ಮೇಲೆ ಅವರನ್ನು ತಗಾಸ್ತೆಯ ಪತ್ರಿಸಿಯುಸ್ ಎಂಬಾತನಿಗೆ ಕೊಟ್ಟು ಮದುವೆಮಾಡಿದರು. ಆತ ಪುರಸಭೆಯ ಸದಸ್ಯ, ಹೆಚ್ಚಲ್ಲದಿದ್ದರೂ ಒಂದಿಷ್ಟು ಜಮೀನುಳ್ಳವನು, ಕ್ರೈಸ್ತನಲ್ಲ. ಮನಸ್ಸು ಉದಾರ, ಸಿಟ್ಟು ಮೂಗಿನ ತುದಿಯಲ್ಲಿ. ಪತ್ನಿಗೆ ನಿಷ್ಠನಾಗಿಯೂ ಇರಲಿಲ್ಲ. ಮನೆಯಲ್ಲಿದ್ದ ಅತ್ತೆಗೆ ದಾಸಿಯರು ಚಾಡಿ ಹೇಳಿ ಸೊಸೆಯ ಮೇಲೆ ಎತ್ತಿಕಟ್ಟಿದರು. ಸೊಸೆಯಾದರೋ ಎದುರಾಡದೆ, ಸೇವೆಯನ್ನು ಬಿಡದೆ ಸೈರಿಸಿಕೊಂಡು ಹೋದರು. ಕೊನೆಗೆ ಅತ್ತೆಯೇ ಮಗನನ್ನು ಕರೆದು ಚಾಡಿಕೋರರ ಹೆಸರು ಹೇಳಿ ಶಿಕ್ಷೆ ಕೊಡಿಸಿದರಂತೆ. ಆಮೇಲೆ ಆ ಅತ್ತೆ ಸೊಸೆಯರ ಬಾಳು ಊರಿಗೆ ಮಾದರಿಯಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಆ ಊರಿನ ಹೆಂಗಸರಲ್ಲಿ ಅನೇಕರ ಮುಖದ ಮೇಲೆ ಗಂಡಂದಿರ ಹೊಡೆತದ ಗುರುತುಗಳಿರುತ್ತಿದ್ದವು. ಪತ್ರಿಸಿಯುಸನಂಥ ಮುಂಗೋಪಿಯ ಹೆಂಡತಿಗೆ ಒಂದು ಪೆಟ್ಟೂ ಬೀಳದಿದ್ದುದನ್ನು ಕಂಡು ಅವರು ಬೆರಗಾಗಿ ಕೇಳಿದರೆ, ಸಿಟ್ಟಿನ ವೇಳೆಯಲ್ಲಿ ಎದುರು ನಿಲ್ಲಬಾರದು, ಮದುವೆಯ ಒಪ್ಪಂದವನ್ನು ಓದಿದ ದಿನದಿಂದ ತಾವು ದಾಸಿಯರೆಂದೇ ತಿಳಿದಿರಬೇಕು ಎಂಬರ್ಥದ ಬುದ್ಧಿಮಾತನ್ನು ಮೋನಿಕಮ್ಮನವರು ಅರ್ಧ ನಗುತ್ತ ಹೇಳುತ್ತಿದ್ದರು. ಅದು ನಾಲ್ಕನೆಯ ಶತಮಾನದ ಹೆಣ್ಣೊಬ್ಬಳು ತನ್ನ ಕಾಲದಲ್ಲಿ ಬದುಕಿ ಉಳಿಯಲು ಕಂಡುಕೊಂಡ ಜಾಣತನ. ಅದನ್ನು ಎಲ್ಲ ಕಾಲಕ್ಕೂ ಸಲ್ಲುವ ಬೋಧನೆಯೆಂದು ಮದುವೆಯ ಪ್ರಸಂಗಗಳಲ್ಲಿ ಎತ್ತಿ ಹೇಳುವುದು ತರವಲ್ಲವೆಂದು ನಾವು ತಿಳಿಯುತ್ತೇವೆ. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬಗಳನ್ನು ಕುರಿತು ಹೊರಡಿಸಿದ ಪ್ರೇಷಿತ ಪತ್ರದಲ್ಲಿ ಹೆಂಗಸರ ಮೇಲಿನ ಗೃಹಹಿಂಸೆಯನ್ನು ಖಂಡಿಸಿದ್ದಾರೆ. ಮೋನಿಕಮ್ಮನವರಿಂದ ಕಲಿಯತಕ್ಕದ್ದು ಹೊಡೆತ ತಿನ್ನುವುದನ್ನಲ್ಲ. ಇಬ್ಬರು ಜಗಳವಾಡಿದಾಗ ಒಬ್ಬರ ಬಿರುಸುಮಾತನ್ನು ಇನ್ನೊಬ್ಬರಿಗೆ ಮುಟ್ಟಿಸದೆ, ಅವರನ್ನು ಒಂದುಗೂಡಿಸುವ ಮಾತನ್ನು ಮಾತ್ರ ಮುಟ್ಟಿಸುತ್ತಿದ್ದರಂತೆ. ಅದನ್ನು ಬೇಕಾದರೆ ಕಲಿಯಬಹುದು. ನೆರೆಹೊರೆಯ ನಡುವೆ ಬಾಳಿದವರಿಗೆ ಅದು ಎಷ್ಟು ಕಷ್ಟವೆಂಬುದು ಗೊತ್ತಿದೆ.

ಪತ್ರಿಸಿಯುಸ್ ಕೊನೆಗಾಲದಲ್ಲಿ ಕ್ರೈಸ್ತನಾಗಿ ಜ್ಞಾನಸ್ನಾನ ಪಡೆದು 371ರ ಸುಮಾರಿಗೆ ತೀರಿಕೊಂಡನು. ಆಗ ಮೋನಿಕಮ್ಮನವರಿಗೆ ನಲವತ್ತರ ಆಸುಪಾಸು. ಮಕ್ಕಳು ಮೂವರೆಂದು ನಾವು ಬಲ್ಲೆವು: 354ರ ನವೆಂಬರ್ 13ರಂದು ಹುಟ್ಟಿದ ಅಗುಸ್ತೀನರು, ನಾವಿಗಿಯುಸ್ ಎಂಬ ಇನ್ನೊಬ್ಬ ಮಗ, ಒಬ್ಬ ಮಗಳು. ವಿಧವೆಯಾದ ಮೇಲೆ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ಸಂಜೆ, ದೇವಾಲಯಕ್ಕೆ ಹೋಗುವುದನ್ನು ಅವರು ತಪ್ಪಿಸುತ್ತಿರಲಿಲ್ಲ. ಹರಟೆಗಲ್ಲ, ಪ್ರಾರ್ಥನೆಗೆ ಎಂದು ಮಗ ಸ್ಪಷ್ಟಪಡಿಸಿದ್ದಾರೆ. ಆ ಕಾಲದಲ್ಲೂ ಹರಟೆಗಾಗಿ ದೇವಾಲಯಕ್ಕೆ ಬರುವವರಿದ್ದರೆಂದು ಇದರಿಂದ ತಿಳಿಯಬಹುದು.

ಮಗನ ಓದಿನ ವಿಷಯದಲ್ಲಿ ತಾಯಿಗೆ ದೊಡ್ಡ ಆಸೆಗಳಿದ್ದವು. ತಂದೆ ಸತ್ತ ಮೇಲೆ ಕಾರ್ಥೇಜಿನಲ್ಲಿ ಓದುತ್ತಿದ್ದ ಮಗನ ಖರ್ಚನ್ನು ತಾಯಿ ಹೊತ್ತರು. ಹರೆಯದಲ್ಲಿ ದಾರಿತಪ್ಪುತ್ತಿದ್ದ ಹುಡುಗನಿಗೆ ಬೇಗ ಮದುವೆ ಮಾಡಿಸಬಹುದಾಗಿತ್ತು. ಹೆಂಡತಿ ಬಂದರೆ ಓದು ಕೆಡುತ್ತದೆಂದು ಆಕೆ ಹಿಂಜರಿದರೆಂದು ಅಗುಸ್ತೀನರು ಬರೆದಿದ್ದಾರೆ. ಬರಹದಲ್ಲಿ ಸಣ್ಣ ಆಕ್ಷೇಪಣೆಯ ಧ್ವನಿಯೂ ಇದೆ. ಮಗನ ಪದವಿ, ಮಗನ ಉದ್ಯೋಗ, ಅದಾದ ಮೇಲೆ ಮಿಕ್ಕದ್ದೆಲ್ಲ ಎಂಬ ಲೆಕ್ಕ ನಮ್ಮ ಮನೆಗಳಿಗೂ ಹೊಸದಲ್ಲ.

ಕಾರ್ಥೇಜಿನಲ್ಲಿ ಅಗುಸ್ತೀನರು ಮದುವೆಯಿಲ್ಲದೆ ಒಬ್ಬ ಹೆಣ್ಣಿನೊಡನೆ ಸಂಸಾರ ಹೂಡಿದರು. 372ರ ಸುಮಾರಿಗೆ ಅವರಿಗೆ ಗಂಡು ಮಗು ಹುಟ್ಟಿತು. ಹೀಗೆ ಮೋನಿಕಮ್ಮನವರು ಅಜ್ಜಿಯಾದರು. ಬಯಸಿದ ರೀತಿಯಲ್ಲಿ ಬಂದ ಮೊಮ್ಮಗನಲ್ಲ. ಮಗುವಿಗೆ ಅದೆಯೋದಾತುಸ್ ಎಂದು ಹೆಸರಿಟ್ಟರು. ದೇವರು ಕೊಟ್ಟವನು ಎಂದು ಅದರರ್ಥ, ನಮ್ಮ ನುಡಿಯಲ್ಲಿ ದೇವದತ್ತ. ಮಗು ಬೇಡವಾಗಿತ್ತು, ಹುಟ್ಟಿದ ಮೇಲೆ ಪ್ರೀತಿಸದೆ ಇರಲಾಗಲಿಲ್ಲ ಎಂಬರ್ಥದಲ್ಲಿ ತಂದೆಯೇ ಬರೆದುಕೊಂಡಿದ್ದಾರೆ.

ಆದರೆ ತಾಯಿಯ ಎದೆಯನ್ನು ಸುಟ್ಟದ್ದು ಆ ಸಂಸಾರಕ್ಕಿಂತ ಹೆಚ್ಚಾಗಿ ಮಗನ ಧರ್ಮತ್ಯಾಗ. ಬೆಳಕು ಕತ್ತಲೆಗಳೆಂಬ ಎರಡು ಮೂಲಗಳನ್ನು ಸಾರುತ್ತಿದ್ದ ಮಾನಿ ಎಂಬುವನ ಪಂಥಕ್ಕೆ ಅಗುಸ್ತೀನರು ಸೇರಿದರು. ಒಂಬತ್ತು ವರ್ಷ ಅದರಲ್ಲಿದ್ದರು. ಊರಿಗೆ ಮರಳಿದ ಮಗನನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳಲು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲು ತಾಯಿ ಒಪ್ಪಲಿಲ್ಲ. ಆಗ ಅವರಿಗೊಂದು ಕನಸಾಯಿತು. ಮರದ ಪಟ್ಟಿಯೊಂದರ ಮೇಲೆ ತಾನು ದುಃಖದಿಂದ ನಿಂತಿದ್ದಂತೆಯೂ, ಹೊಳೆಯುವ ತರುಣನೊಬ್ಬ ಬಂದು, ನೀನಿರುವಲ್ಲೇ ಅವನೂ ಇರುವನು ನೋಡೆಂದಂತೆಯೂ, ತಿರುಗಿ ನೋಡಿದರೆ ಮಗ ಅದೇ ಪಟ್ಟಿಯ ಮೇಲೆ ನಿಂತಿದ್ದಂತೆಯೂ ಕಂಡಿತು. ಮಗನು ಇದನ್ನು ಕೇಳಿ, ಹಾಗಾದರೆ ನೀನೇ ನನ್ನ ಪಂಥಕ್ಕೆ ಬರುತ್ತೀಯೆ ಎಂದು ಅರ್ಥಮಾಡಹೋದಾಗ, ತಾಯಿ ಕ್ಷಣವೂ ತಡೆಯದೆ, ಅವನಿರುವಲ್ಲಿ ನೀನೆಂದು ಹೇಳಲಿಲ್ಲ, ನೀನಿರುವಲ್ಲಿ ಅವನೆಂದೇ ಹೇಳಿದ್ದು ಎಂದರು. ವಾಗ್ಮಿತೆಯನ್ನೇ ಕಲಿಸಿ ಜೀವಿಸುತ್ತಿದ್ದ ಮಗನಿಗೆ ಕನಸಿಗಿಂತಲೂ ಆ ಉತ್ತರದ ಚುರುಕು ಹೆಚ್ಚಾಗಿ ನಾಟಿತಂತೆ. ಅಂದಿನಿಂದ ಮನೆಯ ಬಾಗಿಲೂ ಪಂಕ್ತಿಯೂ ಅವನಿಗೆ ಮತ್ತೆ ತೆರೆದವು.

ಮಗನೊಡನೆ ವಾದಿಸಿ ಬುದ್ಧಿಹೇಳಿರೆಂದು ಒಬ್ಬ ಧರ್ಮಾಧ್ಯಕ್ಷರನ್ನು ಅವರು ಬೇಡಿಕೊಂಡರು. ಆ ಧರ್ಮಾಧ್ಯಕ್ಷರು ಎಳವೆಯಲ್ಲಿ ಅದೇ ಮಾನಿ ಪಂಥದವರ ನಡುವೆ ಬೆಳೆದವರು. ಹೊಸ ಮತದ ಹುರುಪಿನಲ್ಲಿರುವ ಹುಡುಗ ಈಗ ಯಾರ ಮಾತನ್ನೂ ಕೇಳುವವನಲ್ಲ, ಬಿಟ್ಟುಬಿಡಿ, ಪ್ರಾರ್ಥನೆ ಮಾತ್ರ ಮಾಡಿ ಎಂದು ತಿಳಿಯಹೇಳಿದರು. ತಾಯಿ ಕೇಳಲಿಲ್ಲ, ಅತ್ತು ಕಾಡಿದರು. ಬೇಸತ್ತ ಆ ಹಿರಿಯರು, ಇಷ್ಟು ಕಣ್ಣೀರು ಸುರಿಸಿ ಉಳಿಸಿಕೊಂಡ ಮಗ ನಾಶವಾಗುವುದುಂಟೆ, ಹೋಗು ತಾಯಿ ಎಂಬರ್ಥದ ಮಾತನ್ನಾಡಿ ಕಳುಹಿಸಿದರು. ಸ್ವರ್ಗದಿಂದಲೇ ಬಂದ ಉತ್ತರವೆಂದು ಆಕೆ ಅದನ್ನು ಎದೆಯಲ್ಲಿರಿಸಿಕೊಂಡರು. ಆ ಧರ್ಮಾಧ್ಯಕ್ಷರ ಹೆಸರನ್ನು ಅಗುಸ್ತೀನರು ಬರೆದಿಲ್ಲ.

383ರಲ್ಲಿ ಅಗುಸ್ತೀನರು ರೋಮಿಗೆ ಹೋಗಲು ನಿಶ್ಚಯಿಸಿದರು. ತಾಯಿ ಕಾರ್ಥೇಜಿನ ಕಡಲ ತೀರದವರೆಗೂ ಹಿಂಬಾಲಿಸಿ, ಒಂದೋ ಮನೆಗೆ ಬಾ, ಇಲ್ಲವೇ ನನ್ನನ್ನೂ ಕರೆದುಕೊಂಡು ಹೋಗು ಎಂದು ಹಿಡಿದುಕೊಂಡರು. ಗೆಳೆಯನನ್ನು ಹಡಗಿಗೆ ಹತ್ತಿಸಿ ಬರುತ್ತೇನೆಂದು ಮಗ ಸುಳ್ಳು ಹೇಳಿದನು. 258ರಲ್ಲಿ ಪ್ರಾಣತೆತ್ತ ರಕ್ತಸಾಕ್ಷಿ ಸಂತ ಸಿಪ್ರಿಯಾನರ ಸ್ಮಾರಕ ದೇವಾಲಯ ಅಲ್ಲೇ ಬಳಿಯಲ್ಲಿತ್ತು. ತಾಯಿ ರಾತ್ರಿಯಿಡೀ ಅಲ್ಲಿ ಪ್ರಾರ್ಥನೆಯಲ್ಲಿದ್ದಾಗ ಹಡಗು ಹಾಯಿ ಬಿಚ್ಚಿತು. ಬೆಳಗಾದಾಗ ದಡದಲ್ಲಿ ಗೋಳಿಡುತ್ತಿದ್ದ ತಾಯಿಯನ್ನು ಅಗುಸ್ತೀನರು ಕಣ್ಣಾರೆ ಕಾಣಲಿಲ್ಲ. ಆದರೂ ಆ ದೃಶ್ಯವನ್ನು ಅವರು ಬರೆದಿರುವ ಬಗೆಯನ್ನು ನೋಡಿದರೆ, ಬದುಕಿನುದ್ದಕ್ಕೂ ಅದನ್ನು ಮರೆಯಲಿಲ್ಲವೆಂದು ತೋರುತ್ತದೆ.

ಎರಡು ವರ್ಷ ಕಳೆದು, 385ರಲ್ಲಿ, ತಾಯಿಯೇ ಕಡಲನ್ನು ದಾಟಿ ಮಿಲಾನ್ ನಗರಕ್ಕೆ ಬಂದರು. ದಾರಿಯಲ್ಲಿ ಬಿರುಗಾಳಿಯೆದ್ದಾಗ, ಪ್ರಯಾಣಿಕರಿಗೆ ಧೈರ್ಯ ಹೇಳಬೇಕಾದ ನಾವಿಕರಿಗೇ ಈ ವಿಧವೆ ಧೈರ್ಯ ಹೇಳಿದರು. ಆಗ ಅಗುಸ್ತೀನರು ಮಿಲಾನಿನಲ್ಲಿ ವಾಗ್ಮಿತೆಯ ಅಧ್ಯಾಪಕರು. ಮಾನಿಯ ಪಂಥದ ಮೇಲಿನ ನಂಬಿಕೆ ಕಳೆದುಕೊಂಡಿದ್ದರು, ಬೇರೊಂದು ನಂಬಿಕೆ ಇನ್ನೂ ಹುಟ್ಟಿರಲಿಲ್ಲ. ಅಲ್ಲಿನ ಧರ್ಮಾಧ್ಯಕ್ಷರು ಸಂತ ಅಂಬ್ರೋಸರು. ಊರಿನ ಅಭ್ಯಾಸದಂತೆ ಮೋನಿಕಮ್ಮನವರು ಗಂಜಿ, ರೊಟ್ಟಿ, ದ್ರಾಕ್ಷಾರಸದ ಬುಟ್ಟಿ ಹಿಡಿದು ರಕ್ತಸಾಕ್ಷಿಗಳ ಸಮಾಧಿಗೆ ಹೋದಾಗ ಬಾಗಿಲು ಕಾಯುವವನು ತಡೆದನು. ಧರ್ಮಾಧ್ಯಕ್ಷರ ಅಪ್ಪಣೆಯೆಂದು ತಿಳಿದ ಕೂಡಲೇ, ಹುಟ್ಟಿದಂದಿನಿಂದ ನಡೆಸಿಕೊಂಡು ಬಂದ ಪದ್ಧತಿಯನ್ನು ಅವರು ಅಲ್ಲಿಯೇ ಕೈಬಿಟ್ಟರು. ಬುಟ್ಟಿಯಲ್ಲಿದ್ದದ್ದು ಬಡವರ ಪಾಲಾಯಿತು. ಶನಿವಾರದ ಉಪವಾಸದ ಗೊಂದಲವೂ ಹೀಗೆಯೇ ಬಗೆಹರಿಯಿತು. ರೋಮಿನಲ್ಲಿ ಶನಿವಾರ ಉಪವಾಸ, ಮಿಲಾನಿನಲ್ಲಿ ಇಲ್ಲ. ಏನು ಮಾಡಬೇಕೆಂದು ತಾಯಿಯ ಪರವಾಗಿ ಮಗ ಕೇಳಿದಾಗ, ತಾನು ಯಾವ ಊರಿನಲ್ಲಿರುತ್ತೇನೋ ಆ ಊರಿನ ಧರ್ಮಸಭೆಯ ಪದ್ಧತಿಯನ್ನು ಅನುಸರಿಸುತ್ತೇನೆಂದು ಅಂಬ್ರೋಸರು ತಿಳಿಸಿದರು. ಅಗುಸ್ತೀನರನ್ನು ಕಂಡಾಗಲೆಲ್ಲ ಅಂಬ್ರೋಸರು ಇಂಥ ತಾಯಿಯನ್ನು ಪಡೆದುದಕ್ಕೆ ಅಭಿನಂದಿಸುತ್ತಿದ್ದರು. 386ರಲ್ಲಿ ಆರಿಯಸನ ಪಂಥವನ್ನು ಬೆಂಬಲಿಸುತ್ತಿದ್ದ ರಾಜಮಾತೆ ಯುಸ್ತೀನಾ ದೇವಾಲಯವೊಂದನ್ನು ಕಿತ್ತುಕೊಳ್ಳಲು ಯತ್ನಿಸಿದಾಗ ಮಿಲಾನಿನ ಜನ ಧರ್ಮಾಧ್ಯಕ್ಷರೊಡನೆ ಸಾಯಲು ಸಿದ್ಧರಾಗಿ ದೇವಾಲಯದೊಳಗೆ ಜಾಗರಣೆ ಮಾಡಿದರು. ಆ ಜಾಗರಣೆಯ ಮುಂಚೂಣಿಯಲ್ಲಿ ಮೋನಿಕಮ್ಮನವರಿದ್ದರು. ಜನ ಬೇಸರದಿಂದ ಕುಗ್ಗದಿರಲೆಂದು ಪೂರ್ವದೇಶದ ರೀತಿಯಲ್ಲಿ ಕೀರ್ತನೆಗಳನ್ನೂ ಸ್ತುತಿಗೀತೆಗಳನ್ನೂ ಹಾಡುವ ಪದ್ಧತಿ ಮಿಲಾನಿನಲ್ಲಿ ಬಂದದ್ದು ಆಗಲೇ.

ಇಷ್ಟೆಲ್ಲದರ ನಡುವೆ ಆ ಮನೆಯಲ್ಲಿ ಒಂದು ದಾರುಣ ಸಂಗತಿ ನಡೆಯಿತು. ಮಗನಿಗೆ ಸರಿಯಾದ ಮದುವೆ ಮಾಡಿಸಬೇಕು, ಮದುವೆಯಾದ ಮೇಲೆ ಜ್ಞಾನಸ್ನಾನವೂ ಆಗುತ್ತದೆ ಎಂಬ ಹಂಬಲದಿಂದ ತಾಯಿ ಸಂಬಂಧವನ್ನು ಗೊತ್ತುಮಾಡಿದರು. ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷ ಬೇಕಾಗಿತ್ತು. ಹದಿಮೂರು ಹದಿನಾಲ್ಕು ವರ್ಷ ಅಗುಸ್ತೀನರೊಡನೆ ನಿಷ್ಠೆಯಿಂದ ಬಾಳಿದ ಹೆಣ್ಣು ಆ ಮದುವೆಗೆ ಅಡ್ಡಿಯೆಂದು, ಆಕೆಯನ್ನು ಆಫ್ರಿಕಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಪುರುಷನನ್ನು ಅರಿಯುವುದಿಲ್ಲವೆಂದು ದೇವರಿಗೆ ಹರಕೆ ಹೊತ್ತು, ಮಗನನ್ನು ತಂದೆಯ ಬಳಿ ಬಿಟ್ಟು ಆಕೆ ಹೊರಟುಹೋದಳು. ಅಗುಸ್ತೀನರ ಎದೆ ಹರಿದು ರಕ್ತ ಒಸರಿತು. ಹಾಗಿದ್ದೂ ಕಾಯಲಾರದೆ ಇನ್ನೊಬ್ಬಳನ್ನು ಕೂಡಿಕೊಂಡರು. ಗೊತ್ತುಮಾಡಿದ್ದ ಮದುವೆ ನಡೆಯಲೇ ಇಲ್ಲ. ಹೋದವಳ ಹೆಸರನ್ನು ಅವರು ಎಲ್ಲಿಯೂ ಬರೆದಿಲ್ಲ.

ಈ ಸಂಗತಿಯಲ್ಲಿ ಮೋನಿಕಮ್ಮನವರ ಪಾಲು ಇಲ್ಲವೆನ್ನಲು ನಮ್ಮಿಂದಾಗದು. ರೋಮನ್ ಸಮಾಜದಲ್ಲಿ ಕೆಳಸ್ತರದ ಹೆಣ್ಣಿನೊಡನೆ ಪದವಿಯುಳ್ಳವನ ಮದುವೆ ನಡೆಯುವಂತಿರಲಿಲ್ಲ, ಇಂಥ ಅಗಲಿಕೆಯನ್ನು ಆ ಕಾಲದವರು ಸಹಜವೆಂದೇ ಕಂಡರು ಎಂದೆಲ್ಲ ಚರಿತ್ರಕಾರರು ವಿವರಿಸುತ್ತಾರೆ. ವಿವರಣೆ ಸರಿಯೇ, ಆದರೆ ಹಡಗು ಹತ್ತಿದ ಆ ತಾಯಿಯ ದುಃಖ ಅದರಿಂದ ಕಡಮೆಯಾಗುವುದಿಲ್ಲ. ಕಾರ್ಥೇಜಿನ ದಡದಲ್ಲಿ ಮಗನನ್ನು ಕಳೆದುಕೊಂಡು ಅತ್ತ ತಾಯಿಯೊಬ್ಬಳು, ಇನ್ನೊಬ್ಬ ತಾಯಿ ಮಗನನ್ನು ಬಿಟ್ಟು ಅದೇ ಕಡಲನ್ನು ದಾಟಿಹೋಗುವುದಕ್ಕೆ ಕಾರಣಳಾದಳು. ಸಂತರೆಂದರೆ ಎಡವದೆ ಇದ್ದವರೆಂದು ಧರ್ಮಸಭೆ ಎಂದೂ ಹೇಳಿಲ್ಲ. ಸಂತ ಮೋನಿಕಮ್ಮನವರ ಹಬ್ಬದಂದು ಆ ಹೆಸರಿಲ್ಲದ ಹೆಣ್ಣನ್ನೂ ನೆನೆದರೆ ಅದು ಸಂತಳಿಗೆ ಅಗೌರವವಾಗದೆಂದು ನಮ್ಮ ನಂಬಿಕೆ.

ಅಂದಿನಿಂದ ಅದೆಯೋದಾತುಸನಿಗೆ ಮನೆಯಲ್ಲಿದ್ದ ಹೆಂಗಸೆಂದರೆ ಅಜ್ಜಿ. ಹುಡುಗನಿಗೆ ಆಗ ಹದಿಮೂರು ಹದಿನಾಲ್ಕು ವಯಸ್ಸು. 386ರ ಆಗಸ್ಟ್ ತಿಂಗಳಲ್ಲಿ ಮಿಲಾನಿನ ತೋಟದಲ್ಲಿ ಅಗುಸ್ತೀನರ ಮನಃಪರಿವರ್ತನೆಯಾಯಿತು. ಒಳಗೆ ಓಡಿಬಂದು ಮೊದಲು ತಿಳಿಸಿದ್ದು ತಾಯಿಗೆ. ಆ ಶರತ್ಕಾಲದಲ್ಲಿ ಎಲ್ಲರೂ ಕಸ್ಸಿಸಿಯಾಕುಂ ಎಂಬಲ್ಲಿ ಗೆಳೆಯರೊಬ್ಬರ ತೋಟದ ಮನೆಗೆ ಹೋಗಿ ನೆಲಸಿದರು. ಅಗುಸ್ತೀನರು, ಸೋದರ ನಾವಿಗಿಯುಸ್, ಗೆಳೆಯ ಅಲಿಪಿಯುಸ್, ದಾಯಾದಿಗಳಿಬ್ಬರು, ಶಿಷ್ಯರಿಬ್ಬರು, ಅದೆಯೋದಾತುಸ್. ಇಷ್ಟು ಮಂದಿ ಗಂಡಸರ ನಡುವೆ ಮನೆವಾರ್ತೆಯನ್ನೆಲ್ಲ ನೋಡಿಕೊಂಡವರು ಮೋನಿಕಮ್ಮನವರು. ಎಲ್ಲರನ್ನೂ ತಾನೇ ಹೆತ್ತಂತೆ ನೋಡಿಕೊಂಡರು, ಎಲ್ಲರಿಗೂ ಮಗಳಂತೆ ಸೇವೆಮಾಡಿದರು ಎಂಬರ್ಥದಲ್ಲಿ ಮಗ ಬರೆದಿದ್ದಾರೆ.

ಅಡಿಗೆಮನೆಯಲ್ಲಿ ಮಾತ್ರ ಅವರ ಕಾಲ ಕಳೆಯಲಿಲ್ಲ. ಆ ವರ್ಷ ನವೆಂಬರ್ 13ರಂದು ಅಗುಸ್ತೀನರ ಹುಟ್ಟುಹಬ್ಬ. ಅಂದು ಮಿತವಾದ ಊಟದ ಬಳಿಕ ಸುಖಜೀವನವೆಂದರೇನು ಎಂಬ ಚರ್ಚೆ ಆರಂಭವಾಗಿ ಮೂರು ದಿನ ನಡೆಯಿತು. ಅದನ್ನು ಬರೆದುಕೊಂಡದ್ದು ಪುಸ್ತಕವಾಗಿ ಉಳಿದಿದೆ. ಬಯಸಿದ್ದು ದೊರೆತವನು ಸುಖಿಯೇ ಎಂಬ ಪ್ರಶ್ನೆ ಬಂದಾಗ, ಒಳ್ಳೆಯದನ್ನು ಬಯಸಿ ಪಡೆದವನು ಸುಖಿ, ಕೆಟ್ಟದ್ದನ್ನು ಬಯಸಿದವನು ಪಡೆದರೂ ದುಃಖಿಯೇ ಎಂದು ಮೋನಿಕಮ್ಮನವರು ಉತ್ತರಿಸಿದರು. ತತ್ತ್ವಶಾಸ್ತ್ರದ ಕೋಟೆಯನ್ನೇ ಅಮ್ಮ ಹಿಡಿದುಬಿಟ್ಟರೆಂದು ಮಗ ಹರ್ಷದಿಂದ ಕೂಗಿದರು. ದೇವರನ್ನು ಪಡೆದವನು ಯಾರು ಎಂದು ಕೇಳಿದಾಗ ಎಲ್ಲರಿಗಿಂತ ಕಿರಿಯನಾದ ಮೊಮ್ಮಗ, ಯಾರಲ್ಲಿ ಅಶುದ್ಧ ಆತ್ಮವಿಲ್ಲವೋ ಅವನು ಎಂದ. ಆ ಉತ್ತರ ಅಜ್ಜಿಗೆ ಬಹಳ ಮೆಚ್ಚಿಕೆಯಾಯಿತೆಂದು ಅಲ್ಲಿಯೇ ದಾಖಲೆಯಿದೆ. ಮೂರನೆಯ ದಿನ ಮಾತು ಮುಗಿಯುವ ಹೊತ್ತಿಗೆ ಅಂಬ್ರೋಸರು ರಚಿಸಿದ ಸ್ತುತಿಗೀತೆಯ ಕೊನೆಯ ಸಾಲು ಅವರ ಬಾಯಿಗೆ ತಾನಾಗಿ ಬಂತು. ಇನ್ನೊಂದು ದಿನ ಚರ್ಚೆಯ ಕೋಣೆಗೆ ಬಂದು ಎಲ್ಲಿಯವರೆಗೆ ಬಂತೆಂದು ಅವರು ವಿಚಾರಿಸಿದಾಗ, ಆ ಪ್ರಶ್ನೆಯನ್ನೂ ಬರೆದುಕೊಳ್ಳಿರೆಂದು ಅಗುಸ್ತೀನರು ಹೇಳಿದರು. ನೀವು ಓದುವ ಗ್ರಂಥಗಳಲ್ಲಿ ಹೆಂಗಸರನ್ನು ಇಂಥ ಮಾತಿಗೆ ಸೇರಿಸಿಕೊಂಡದ್ದು ಕೇಳಿಲ್ಲವಲ್ಲ ಎಂದು ಅವರೇ ಸಂಕೋಚಪಟ್ಟರು. ಲಿಸೆಂತಿಯುಸ್ ಎಂಬ ತರುಣ ಶಿಷ್ಯ ಹೊಸದಾಗಿ ಕಲಿತ ಕೀರ್ತನೆಯ ರಾಗಕ್ಕೆ ಮಾರುಹೋಗಿ ಬಹಿರ್ದೆಸೆಗೆ ಹೋದಲ್ಲೂ ಗಟ್ಟಿಯಾಗಿ ಹಾಡಿದಾಗ ಅವನಿಗೆ ಸಿಕ್ಕ ಬೈಗುಳವೂ ಇವರದೇ. ಅಜ್ಜಿಯರಿರುವ ಮನೆಯನ್ನು ಕಂಡವರಿಗೆ ಇದೆಲ್ಲ ಪರಿಚಿತವೇ.

387ರ ಏಪ್ರಿಲ್ 24ರ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಅಂಬ್ರೋಸರ ಕೈಯಿಂದ ಅಗುಸ್ತೀನರು, ಅಲಿಪಿಯುಸ್ ಮತ್ತು ಹದಿನೈದರ ಹರೆಯದ ಅದೆಯೋದಾತುಸ್ ಒಟ್ಟಿಗೆ ಜ್ಞಾನಸ್ನಾನ ಪಡೆದರು. ಮಗನೂ ಮೊಮ್ಮಗನೂ ಒಂದೇ ಕೊಳದಿಂದ, ಒಂದೇ ರಾತ್ರಿ. ವರ್ಷಗಟ್ಟಲೆ ಕಾದ ತಾಯಿಗೆ ಕೇಳಿದ್ದಕ್ಕಿಂತ ಹೆಚ್ಚೇ ದೊರೆಯಿತು.

ಆಮೇಲೆ ಆಫ್ರಿಕಕ್ಕೆ ಮರಳುವುದೆಂದು ಎಲ್ಲರೂ ರೋಮಿನ ರೇವುಪಟ್ಟಣವಾದ ಓಸ್ತಿಯಾಕ್ಕೆ ಬಂದು ಹಡಗಿಗಾಗಿ ಕಾಯುತ್ತಿದ್ದರು. ಅಲ್ಲಿ ಮನೆಯ ಒಳತೋಟದ ಕಡೆಗಿನ ಕಿಟಕಿಗೆ ಒರಗಿ ತಾಯಿ ಮಗ ಇಬ್ಬರೇ ನಿತ್ಯಜೀವವನ್ನು ಕುರಿತು ಮಾತನಾಡಿದರು. ಮಾತು ಏರುತ್ತ ಏರುತ್ತ ಮಾತೇ ನಿಂತು ಕ್ಷಣಕಾಲ ಆ ಜೀವವನ್ನೇ ಮುಟ್ಟಿದಂತಾಯಿತು. ಲೋಕದಲ್ಲಿ ತನಗೆ ಇನ್ನೇನೂ ಕೆಲಸ ಉಳಿದಿಲ್ಲವೆಂದು ತಾಯಿ ಅಂದೇ ಹೇಳಿದರು. ಐದಾರು ದಿನಗಳಲ್ಲಿ ಜ್ವರ ಬಂತು.

ತನ್ನೂರಿನಲ್ಲಿ ಗಂಡನ ಸಮಾಧಿಯ ಪಕ್ಕದಲ್ಲೇ ಮಣ್ಣಾಗಬೇಕೆಂದು ಅವರಿಗೆ ಮೊದಲಿನಿಂದ ಆಸೆ. ಅದಕ್ಕಾಗಿ ಸ್ಥಳವನ್ನೂ ಸಿದ್ಧಪಡಿಸಿದ್ದರು. ಪರದೇಶದಲ್ಲಿ ಸಾಯುವುದು ಬೇಡ, ಊರಿನಲ್ಲಿಯೇ ಆಗಲಿ ಎಂದು ನಾವಿಗಿಯುಸ್ ಹೇಳಿದಾಗ, ತಾಯಿ ಅವನನ್ನು ಕಣ್ಣಿನಿಂದಲೇ ಗದರಿಸಿ, ಈ ದೇಹವನ್ನು ಎಲ್ಲಿಯಾದರೂ ಹೂಳಿರಿ, ಅದಕ್ಕಾಗಿ ತೊಂದರೆಪಡಬೇಡಿ, ನೀವು ಎಲ್ಲಿದ್ದರೂ ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ ಸಾಕು ಎಂಬರ್ಥದಲ್ಲಿ ಹೇಳಿದರು. ದೂರದ ನೆಲದಲ್ಲಿ ದೇಹವನ್ನು ಬಿಡಲು ಭಯವಿಲ್ಲವೇ ಎಂದು ಅದಕ್ಕೂ ಮೊದಲು ಕೆಲವರು ಕೇಳಿದ್ದಾಗ, ದೇವರಿಗೆ ಯಾವುದೂ ದೂರವಲ್ಲವೆಂದಿದ್ದರು. ಕಾಯಿಲೆಯ ಒಂಬತ್ತನೆಯ ದಿನ, ತಮ್ಮ ಬಾಳಿನ 56ನೆಯ ವರ್ಷದಲ್ಲಿ, ಅವರು ಪ್ರಾಣಬಿಟ್ಟರು.

ಕೊನೆಯುಸಿರು ಹೋದೊಡನೆ ಗಟ್ಟಿಯಾಗಿ ಅತ್ತವನು ಅದೆಯೋದಾತುಸ್ ಒಬ್ಬನೇ. ಎಲ್ಲರೂ ಸೇರಿ ಅವನನ್ನು ಸುಮ್ಮನಿರಿಸಿದರು. ಪುಣ್ಯಮರಣಕ್ಕೆ ಗೋಳಾಟ ತಕ್ಕುದಲ್ಲವೆಂದು ಹಿರಿಯರು ಅಳುವನ್ನು ನುಂಗಿದ್ದರು. ಗೆಳೆಯ ಎವೋದಿಯುಸ್ ಕೀರ್ತನೆಯ ಪುಸ್ತಕವನ್ನು ಎತ್ತಿ ಹಾಡತೊಡಗಿದರು, ಮನೆಯವರೆಲ್ಲ ದನಿಗೂಡಿಸಿದರು. ಅಲ್ಲಿನ ವಾಡಿಕೆಯಂತೆ ದೇಹವನ್ನು ಸಮಾಧಿಯ ಬದಿಯಲ್ಲಿರಿಸಿ ಬಲಿಪೂಜೆಯನ್ನು ಅರ್ಪಿಸಿದರು. ಅಗುಸ್ತೀನರು ಅಲ್ಲಿಯೂ ಅಳಲಿಲ್ಲ. ಸ್ನಾನದಿಂದ ದುಃಖ ಕಳೆಯುತ್ತದೆಂದು ಕೇಳಿದ್ದರು. ಸ್ನಾನ ಮಾಡಿದರು, ಕಳೆಯಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬರೇ ಇದ್ದಾಗ, ತಡೆದಿದ್ದ ಕಣ್ಣೀರನ್ನು ಹರಿಯಬಿಟ್ಟರು. ತಾಯಿಗಾಗಿ ಗಳಿಗೆಯೊಂದರಷ್ಟು ಹೊತ್ತು ಅತ್ತದ್ದನ್ನು ಪಾಪವೆಂದು ಯಾರಾದರೂ ಎಣಿಸುವುದಾದರೆ ನಗದಿರಲಿ, ನನ್ನ ಪಾಪಗಳಿಗಾಗಿ ಅಳಲಿ ಎಂದು ಓದುಗರನ್ನು ಅವರು ಕೇಳಿಕೊಳ್ಳುತ್ತಾರೆ. ಪಂಡಿತರೆಲ್ಲ ತಮ್ಮನ್ನು ತಡೆದುಕೊಂಡಿದ್ದಾಗ ಅಜ್ಜಿಗಾಗಿ ಬಾಯಿಬಿಟ್ಟು ಅತ್ತ ಹುಡುಗನೇ ಆ ಕೋಣೆಯಲ್ಲಿ ಸರಿಯಾಗಿ ನಡೆದುಕೊಂಡವನೆಂದು ನಮಗೆ ತೋರುತ್ತದೆ.

ಅದೆಯೋದಾತುಸ್ ಹೆಚ್ಚು ಕಾಲ ಬದುಕಲಿಲ್ಲ. ಅವನ ಹದಿನಾರನೆಯ ವಯಸ್ಸಿನಲ್ಲಿ ತಂದೆಯೊಡನೆ ನಡೆಸಿದ ಸಂಭಾಷಣೆ 'ಗುರು' ಎಂಬ ಪುಸ್ತಕದಲ್ಲಿದೆ. ಅವನ ಬಾಯಲ್ಲಿ ಬರುವ ವಿಚಾರಗಳೆಲ್ಲ ಅವನವೇ ಎಂದು ತಂದೆ ದೇವರ ಮುಂದೆ ಸಾಕ್ಷಿ ನುಡಿದಿದ್ದಾರೆ. ಆಮೇಲೆ ಸ್ವಲ್ಪ ಕಾಲದಲ್ಲೇ ಆ ಹುಡುಗ ಆಫ್ರಿಕದಲ್ಲಿ ತೀರಿಕೊಂಡನು. ಮೋನಿಕಮ್ಮನವರ ಮಗಳು ವಿಧವೆಯಾದ ಬಳಿಕ ಹಿಪ್ಪೋದಲ್ಲಿ ದೇವರಿಗೆ ಬಾಳನ್ನು ಮುಡಿಪಿಟ್ಟ ಸ್ತ್ರೀಯರ ಸಮುದಾಯಕ್ಕೆ ಸಾಯುವವರೆಗೂ ಹಿರಿಯಳಾಗಿದ್ದರು. ಮಗನ ಹೆಣ್ಣುಮಕ್ಕಳೂ, ಎಂದರೆ ಮೋನಿಕಮ್ಮನವರ ಮೊಮ್ಮಕ್ಕಳೂ, ದೇವರ ಸೇವೆಗೆ ಸೇರಿದರೆಂದು ಅಗುಸ್ತೀನರ ಚರಿತ್ರೆಯನ್ನು ಬರೆದ ಪೊಸ್ಸಿದಿಯುಸ್ ಧರ್ಮಾಧ್ಯಕ್ಷರು ತಿಳಿಸುತ್ತಾರೆ. ಅಗುಸ್ತೀನರ ಮುಪ್ಪಿನಲ್ಲಿ ಅವರ ಬಳಿಯಿದ್ದ ಸೇವಾವರ್ಗದಲ್ಲಿ ಪತ್ರಿಸಿಯುಸ್ ಎಂಬ ಬಂಧುವೊಬ್ಬನು ಉಪಸೇವಕನಾಗಿದ್ದನು. ಆ ಮುಂಗೋಪಿ ಅಜ್ಜನ ಹೆಸರು ಮನೆತನದಲ್ಲಿ ಉಳಿದಿತ್ತು.

'ನಿವೇದನೆಗಳು' ಗ್ರಂಥದುದ್ದಕ್ಕೂ ಅಗುಸ್ತೀನರು ತಾಯಿಯನ್ನು ತಾಯಿಯೆಂದೇ ಕರೆಯುತ್ತಾರೆ, ಹೆಸರಿನಿಂದಲ್ಲ. ಮೋನಿಕಾ ಎಂಬ ಹೆಸರು ಇಡೀ ಗ್ರಂಥದಲ್ಲಿ ಬರುವುದು ಒಂದೇ ಒಂದು ಬಾರಿ, ಒಂಬತ್ತನೆಯ ಭಾಗದ ಕೊನೆಯಲ್ಲಿ. ಅಲ್ಲಿ ತಂದೆ ಪತ್ರಿಸಿಯುಸನ ಹೆಸರನ್ನೂ ಜೊತೆಗೂಡಿಸಿ, ಇದನ್ನು ಓದುವವರೆಲ್ಲ ಪೀಠದ ಬಳಿ ಇವರಿಬ್ಬರನ್ನೂ ನೆನೆಯಲಿ ಎಂದು ಬೇಡುತ್ತಾರೆ. ತಾನೊಬ್ಬನೇ ನೆನೆಯುವುದಕ್ಕಿಂತ ಬಹುಮಂದಿ ನೆನೆದರೆ ತಾಯಿಯ ಕಡೆಯ ಕೋರಿಕೆ ಸಮೃದ್ಧವಾಗಿ ನೆರವೇರುತ್ತದೆಂಬುದು ಮಗನ ಲೆಕ್ಕ. ಪೀಠದ ಬಳಿ ಹೇಳಲು ಹೆಸರು ಬೇಕು. ಅದಕ್ಕಾಗಿಯೇ ಆ ಒಂದೆಡೆ ಹೆಸರು ಬಂದಿದೆ. ನಮ್ಮಲ್ಲಿ ಮೃತರಿಗಾಗಿ ಪೂಜೆಯನ್ನು ಬರೆಸುವವರು ಚೀಟಿಯಲ್ಲಿ ಹೆಸರನ್ನು ಮಾತ್ರ ಬರೆಯುವುದೂ ಇದೇ ಅರ್ಥದಲ್ಲಿ.

ಸಮಾಧಿಯ ಕಥೆಯನ್ನು ಹೇಳಿ ಮುಗಿಸುತ್ತೇವೆ. ಆನಿಸಿಯುಸ್ ಔಕೇನಿಯುಸ್ ಬಾಸ್ಸುಸ್ ಎಂಬ ರೋಮಿನ ಗಣ್ಯರು ಮೋನಿಕಮ್ಮನವರ ಸಮಾಧಿಗಾಗಿ ಲತೀನ್ ಪದ್ಯವೊಂದನ್ನು ರಚಿಸಿದ್ದರು. ಅದರ ಪಾಠ ಹಸ್ತಪ್ರತಿಗಳಲ್ಲಿ ಉಳಿದಿತ್ತು. ಕಲ್ಲು ಮಾತ್ರ ಕಾಣೆಯಾಗಿತ್ತು. 1430ರಲ್ಲಿ ಪೋಪ್ ಐದನೆಯ ಮಾರ್ತೀನರ ಕಾಲದಲ್ಲಿ ಅವರ ಅವಶೇಷಗಳನ್ನು ಓಸ್ತಿಯಾದಿಂದ ರೋಮಿಗೆ ತಂದರು. ಈಗ ಅವು ಅಲ್ಲಿನ ಸಂತ ಅಗುಸ್ತೀನರ ದೇವಾಲಯದಲ್ಲಿವೆ. 1850ರಲ್ಲಿ ಫ್ರಾನ್ಸಿನಲ್ಲಿ ಕ್ರೈಸ್ತ ತಾಯಂದಿರ ಸಂಘ ಹುಟ್ಟಿದಾಗ ಅವರನ್ನೇ ಪಾಲಕಿಯೆಂದು ಆರಿಸಿಕೊಂಡರು. ಮೇ 4ರಂದು ಆಚರಿಸುತ್ತಿದ್ದ ಅವರ ಹಬ್ಬವನ್ನು 1969ರ ಪರಿಷ್ಕೃತ ಪಂಚಾಂಗದಲ್ಲಿ ಆಗಸ್ಟ್ 27ಕ್ಕೆ ಇರಿಸಲಾಯಿತು. ಮಗನ ಹಬ್ಬ ಮಾರನೆಯ ದಿನ. 1945ರಲ್ಲಿ, ಮಹಾಯುದ್ಧ ಮುಗಿದ ವರ್ಷ, ಓಸ್ತಿಯಾದ ಸಂತ ಔರೆಯಾ ದೇವಾಲಯದ ಪಕ್ಕದಲ್ಲಿ ಇಬ್ಬರು ಹುಡುಗರು ಆಟಕ್ಕಾಗಿ ಕಂಬ ನೆಡಲು ಗುಂಡಿ ತೋಡುತ್ತಿದ್ದಾಗ ಅಕ್ಷರಗಳಿದ್ದ ಅಮೃತಶಿಲೆಯ ತುಂಡೊಂದು ಸಿಕ್ಕಿತು. ಹಸ್ತಪ್ರತಿಗಳ ಪಾಠದೊಡನೆ ಹೋಲಿಸಿ ನೋಡಿದಾಗ ಅದು ಬಾಸ್ಸುಸರ ಪದ್ಯವೇ ಆಗಿತ್ತು. ಸಾಲುಗಳು ಅರ್ಧಕ್ಕೆ ಮುರಿದಿರುವ ಆ ಕಲ್ಲನ್ನು ಅದೇ ದೇವಾಲಯದೊಳಗೆ ಇರಿಸಿದ್ದಾರೆ.